ಕಿತ್ತಿಟ್ಟ ಎಲೆಗಳು

ಅತ್ತೆ ತೀರಿಕೊಂಡ ಕೆಲವೇ ದಿನಗಳಲ್ಲಿ ಹಿತ್ತಲಿನ ಗುಲಾಬಿಗಳಿಗೆ ರೋಗ ಬಂತು. ಮೊದಲು ಗೋಡೆ ಪಕ್ಕದ ಬಿಳಿ ಗುಲಾಬಿಯ ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿದ್ದವು, ಸುತ್ತ ಹಳದಿ ಹಬ್ಬಿತು. ಆಮೇಲೆ ಅದರ ಪಕ್ಕದ ಗಿಡ, ಅದರಾಚೆಯದು.

ಅತ್ತೆ ಇದ್ದಾಗ ಸೊಸೆಯನ್ನು ಆ ಕಡೆ ಸುಳಿಯಲೂ ಬಿಡುತ್ತಿರಲಿಲ್ಲ. "ನಿನ್ನ ಕೈ ಗಿಡಕ್ಕೆ ಆಗಿ ಬರಲ್ಲ ಕಣೇ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ಮಾವನಿಗಂತೂ ಗಿಡ ಅಂದರೆ ಅಷ್ಟಕ್ಕಷ್ಟೆ. ಗುಲಾಬಿ ಯಾವುದು ದಾಸವಾಳ ಯಾವುದು ಎಂದು ತಿಳಿಯದೆಯೇ ಸಂಸಾರ ಮುಗಿಸಿದವರು. ಈಗ ಮರೆವು ಬೇರೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ.

ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಲ್ಲಿಂದ ಭೂತಗನ್ನಡಿ ತಂದು ಎಲೆಯನ್ನು ತಿರುಗಿಸಿ ನೋಡಿದಳು. ಅಡಿಯಲ್ಲಿ ಹಸಿರು ಗಿಡಹೇನು ಮುತ್ತಿಕೊಂಡಿದ್ದವು. ಸೋಪಿನ ನೀರು ಸಿಂಪಡಿಸಿದಳು. ಹೇನು ಹೋದವು, ಚುಕ್ಕೆ ಹೋಗಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ರೋಗದ ಎಲೆಗಳನ್ನೆಲ್ಲ ಯಾರೋ ಕಿತ್ತು ಗೋಡೆ ಬುಡದಲ್ಲಿ ಗುಡ್ಡೆ ಹಾಕಿದ್ದರು. ಗಾಳಿಗೆ ಹಾರದಂತೆ ಮೇಲೊಂದು ಇಟ್ಟಿಗೆ. ಅತ್ತೆ ಮಾಡುತ್ತಿದ್ದದ್ದು ಹೀಗೆಯೇ.

"ಬೆಕ್ಕು ಗಿಕ್ಕು ಬಂದಿರ್ಬೇಕು ಬಿಡು" ಎಂದ ಗಂಡ.

"ಬೆಕ್ಕು ಇಟ್ಟಿಗೆ ಇಡುತ್ತಾ?"

ಅವನು ಕೆಲಸಕ್ಕೆ ಹೊರಟ.

ಮರುದಿನವೂ ಗುಡ್ಡೆ ಇತ್ತು. ಅದರ ಮರುದಿನ ಅವಳು ಬೇಗ ಎದ್ದು ಅಡುಗೆಮನೆಯ ಕಿಟಕಿಯಲ್ಲಿ ನಿಂತಳು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಗಿಡಗಳ ನಡುವೆ ಅತ್ತೆಯ ಕಂದು ಸ್ವೆಟರು ಬಾಗಿತ್ತು. ತಲೆಗೆ ಅತ್ತೆಯದೇ ಬಟ್ಟೆ, ಕೈಗೆ ಅತ್ತೆಯದೇ ಗ್ಲೌಸು. ಸೊಂಟದ ಮೇಲೆ ಒಂದು ಕೈ ಊರಿಕೊಂಡು ಏಳುವ ರೀತಿಯೂ ಅದೇ. ಜೀವ ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲು ತೆರೆದಳು.

ಮಾವ!

"ಮಾವ, ಇಷ್ಟು ಹೊತ್ತಿಗೆ ಇಲ್ಲೇನ್ ಮಾಡ್ತಿದೀರಾ?"

"ಅಲ್ಲೇ ನಿಲ್ಲು" ಎಂದರು ಅವರು. "ಒದ್ದೆ ಎಲೆ ಮುಟ್ಬೇಡ ಕಣೇ. ಕೈಯಿಂದ್ಲೇ ರೋಗ ದಾಟೋದು."

ಮುಖ ಮಾವನದು. ಆ ಮಾತಿನ ಗತ್ತು, ಕೊನೆಯ ಎಳೆತ, ಎಲ್ಲ ಅತ್ತೆಯದು. ಗಂಡನನ್ನು ಕೂಗಬೇಕಿತ್ತು. ಬಾಯಿಂದ ಬಂದದ್ದೇ ಬೇರೆ.

"ಹಾಗಾದ್ರೆ ಏನ್ ಮಾಡ್ಲಿ, ಅತ್ತೆ?"

"ಎಲೆ ಮೇಲೆ ನೀರು ಹೊಯ್ತೀಯಲ್ಲ, ಅದನ್ನ ಬಿಡು. ಬುಡಕ್ಕೆ ಹಾಕು. ನಡುವಿನ ಕೊಂಬೆ ತೆಗಿ, ಗಾಳಿ ಆಡ್ಲಿ. ಕಿತ್ತಿದ್ದನ್ನ ಗೊಬ್ಬರದ ಗುಂಡಿಗೆ ಹಾಕ್ಬೇಡ, ಸುಡು."

"ಈ ಬಿಳಿ ಗುಲಾಬಿ?"

ಗ್ಲೌಸಿನ ಕೈ ತಡೆದು ನಿಂತಿತು. ಅತ್ತೆ ತಾವು ಮದುವೆಯಾಗಿ ಈ ಮನೆಗೆ ಬಂದ ವರ್ಷ ನೆಟ್ಟ ಗಿಡ ಅದು.

"ಅದು ಹೋಯ್ತು. ಬೇರೇ ಕೊಳೆತಿದೆ. ಕಿತ್ತುಬಿಡು."

ಇಬ್ಬರೂ ಸೇರಿ ಅಗೆದರು. ಬೇರುಗಳು ಕಪ್ಪಾಗಿ ಮೆತ್ತಗಾಗಿದ್ದವು, ಮುಟ್ಟಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಗಿಡ ಮೇಲೆ ಬಂದದ್ದೇ ತಡ, ಮಾವ ಮಣ್ಣಿನ ಮೇಲೆ ಕುಸಿದು ಕುಳಿತರು. ತಮ್ಮ ಕೈಗಳನ್ನು ಹೊರಳಿಸಿ ನೋಡಿಕೊಂಡರು.

"ಇದನ್ನ ನಂಗ್ಯಾರಮ್ಮ ಹಾಕಿದ್ದು? ಅವಳೆಲ್ಲಿ?"

ಅದು ಮಾವನದೇ ದನಿ. ಅವಳು ಅವರ ಕೈಯ ಗ್ಲೌಸು ಬಿಚ್ಚಿ, ಅವರನ್ನು ಒಳಗೆ ಕರೆದುಕೊಂಡು ಹೋದಳು. ಸಂಜೆ ಗಿಡವನ್ನು ಸುಟ್ಟಳು.

ಆಮೇಲೆ ಮಾವ ತೋಟಕ್ಕೆ ಇಳಿಯಲಿಲ್ಲ. ಅವಳು ಕೇಳಿಸಿಕೊಂಡಿದ್ದನ್ನೆಲ್ಲ ಮಾಡಿದಳು. ಉಳಿದ ಗಿಡಗಳು ಚೇತರಿಸಿಕೊಂಡವು, ಕೆಂಪು ಚಿಗುರು ಒಂದೂ ಕಲೆಯಿಲ್ಲದೆ ಬಂತು. ಒಂದು ಬೆಳಿಗ್ಗೆ ಅವಳು ಚಳಿಗೆಂದು ಆ ಕಂದು ಸ್ವೆಟರು ಹಾಕಿಕೊಂಡು ಒಣಕೊಂಬೆ ಕತ್ತರಿಸುತ್ತಿದ್ದಾಗ ಮಾವ ಬಾಗಿಲಿಗೆ ಬಂದರು. ಯಾವತ್ತೂ ಅವಳನ್ನು 'ಅಮ್ಮಾ' ಎಂದೇ ಕರೆಯುತ್ತಿದ್ದವರು.

"ಲೇ, ಎಷ್ಟೊತ್ತೇ? ಕಾಫಿ ಕೊಡಲ್ವಾ?"

'ಮಾವ, ನಾನು ನಿಮ್ಮ ಸೊಸೆ' ಎನ್ನಲು ಬಾಯಿ ತೆರೆದಳು. ಅವರ ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದಿದ್ದ ನೆಮ್ಮದಿ ಇತ್ತು.

"ಬಂದೆ ಇರಿ, ಅಷ್ಟು ಅವಸರ ಯಾಕೆ?" ಎಂದಳು. ಹಾಗೆ ಗದರುವ ಅಭ್ಯಾಸ ಅವಳಿಗಿರಲಿಲ್ಲ; ಆ ಗತ್ತು, ಆ ಎಳೆತ ಅತ್ತೆಯದು.

ಮಾವ ನಕ್ಕು ಒಳಗೆ ಹೋದರು. ಅವಳು ಮಾತ್ರ ತನ್ನ ಗಂಟಲನ್ನು ಮುಟ್ಟಿಕೊಂಡು, ಸ್ವಲ್ಪ ಹೊತ್ತು ಗಿಡಗಳ ನಡುವೆಯೇ ನಿಂತಿದ್ದಳು.