ಕೇಳಿಸದಿದ್ದರೆ ಗುಂಡಿ ಒತ್ತಬೇಡಿ

೧

ಹೇಗೆ ಶುರು ಮಾಡಲಿ? ವಿಮಾನ ನಿಲ್ದಾಣದಿಂದ ಶುರು ಮಾಡೋಣವೆಂದು ಕೂತೆ. ಗಾಜಿನ ಬಾಗಿಲು ತೆರೆಯುತ್ತದೆ, ತನಗಿಂತ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಹುಡುಗಿಯೊಬ್ಬಳು ಹೊರಬರುತ್ತಾಳೆ, ನಾನು ಅವಳ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದೇನೆ... ಥೂ. ಇಂಥದ್ದನ್ನು ನೀವು ಎಷ್ಟು ಸಲ ಓದಿಲ್ಲ? ಅಲ್ಲದೆ, ಅವಳನ್ನು ಕರೆತರಲು ಹೋದವಳು ಅಕ್ಕ. ನಾನು ಮನೆಯಲ್ಲಿ, ಮಹಡಿ ಕೋಣೆಯ ಹಾಸಿಗೆಗೆ ಬೆಡ್‌ಶೀಟ್ ಹಾಕುತ್ತ, ಯಾವಾಗಲೂ ಕೈಕೊಡುವ ಆ ಕೊನೆಯ ಮೂಲೆಯನ್ನು ಬೈಯುತ್ತಿದ್ದೆ.

೧ (ಮತ್ತೆ)

ನೇರವಾಗಿ ಹೇಳಿಬಿಡುತ್ತೇನೆ. ಅಕ್ಕ ಕಿವಿಯ ವಿಜ್ಞಾನಿ. ವಯಸ್ಸಾದಂತೆ ಕೇಳುವ ಶಕ್ತಿ ಹೇಗೆ ಕುಂದುತ್ತದೆ ಎಂಬುದು ಅವಳ ಲ್ಯಾಬಿನ ಕೆಲಸ. ಆಗಷ್ಟೇ ಸಂಶೋಧನೆಗೆ ಕಾಲಿಟ್ಟ ಎಳೆಯರನ್ನು ದೇಶದಿಂದ ದೇಶಕ್ಕೆ ಕಳಿಸುವ ಯೋಜನೆಯೊಂದಿದೆ. ಅದರಡಿ ಆಗಾಗ ಒಬ್ಬರು ಅವಳಲ್ಲಿಗೆ ಬರುತ್ತಾರೆ, ನಮ್ಮ ಮಹಡಿ ಕೋಣೆಯಲ್ಲಿ ಇರುತ್ತಾರೆ. ಮನೆಯಲ್ಲಿ ಅಪ್ಪ, ಅಕ್ಕ, ನಾನು. ಅಪ್ಪ ಮುದ್ರಣಾಲಯದ ಯಂತ್ರದ ಪಕ್ಕದಲ್ಲೇ ಆಯುಸ್ಸು ಕಳೆದವರು. ನಾನು ಕಥೆ ಬರೆಯುತ್ತೇನೆ (ಅಂದರೆ, ಮನೆಯಲ್ಲೇ ಇರುತ್ತೇನೆ. ಬೆಡ್‌ಶೀಟ್ ನನ್ನ ಪಾಲಿಗೆ ಬಂದದ್ದು ಅದಕ್ಕೇ).

ಬರೆದದ್ದನ್ನೆಲ್ಲ ಮೊದಲು ಅಪ್ಪನಿಗೆ ಓದಿ ಹೇಳುವುದು ನನ್ನ ರೂಢಿ. ಅವರು ಕಣ್ಣು ಅರೆಮುಚ್ಚಿ ತಲೆದೂಗುತ್ತಾರೆ. ಮುಗಿದ ಮೇಲೆ "ಚೆನ್ನಾಗಿದೆ ಕಣೋ" ಅನ್ನುತ್ತಾರೆ. ವಿಮರ್ಶಕರು ಏನು ಬೇಕಾದರೂ ಅಂದುಕೊಳ್ಳಲಿ, ನನಗೆ ಅಷ್ಟು ಸಾಕಾಗಿತ್ತು. (ಈ ಮಾತು ನೆನಪಿಟ್ಟುಕೊಳ್ಳಿ. ನೆನಪಿಟ್ಟುಕೊಳ್ಳಿ ಎಂದು ಬಾಯಿಬಿಟ್ಟು ಹೇಳುವವನು ಎಂಥ ಕಥೆಗಾರ ಎಂದು ನೀವು ಕೇಳಬಹುದು. ಕೇಳಿ, ಪರವಾಗಿಲ್ಲ.)

೨

ಹುಡುಗಿ ನಮ್ಮ ಭಾಷೆ ಕಲಿತದ್ದು ರೇಡಿಯೋ ವಾರ್ತೆ ಕೇಳಿಕೇಳಿ. ಹೊಸ್ತಿಲಲ್ಲಿ ನಿಂತು, "ತಮ್ಮ ನಿವಾಸಕ್ಕೆ ಆಗಮಿಸಿರುವುದು ನನಗೆ ಅತೀವ ಸಂತಸ ತಂದಿದೆ" ಅಂದಳು. ಅಕ್ಕ ನಗು ತಡೆಯಲು ಸೂಟ್‌ಕೇಸಿನ ಹಿಂದೆ ಬಗ್ಗಿದಳು.

ಅಪ್ಪ ಮಾತ್ರ ಫಿದಾ. "ನೋಡ್ರೋ, ಎಷ್ಟು ಬಿಡಿಸಿ ಬಿಡಿಸಿ ಮಾತಾಡ್ತಾಳೆ! ನೀವೂ ಇದ್ದೀರಿ, ಬಾಯೊಳಗೇ ಗೊಣಗೊಣ." ಅವತ್ತಿನಿಂದ ಅವಳಿಗೆ 'ವಾರ್ತೆ' ಎಂದೇ ಹೆಸರಾಯಿತು. ಅವಳೂ ಖುಷಿಯಾಗಿ ಓಗೊಟ್ಟಳು.

ನಾವು ಗೊಣಗುತ್ತಿರಲಿಲ್ಲ. ಮನೆಯ ಟೀವಿಯ ಸದ್ದು ಏರುತ್ತಲೇ ಇತ್ತು. ಅಪ್ಪನ ಕಿವಿ ಮಂದವಾಗಿದೆ ಎಂಬ ಅನುಮಾನ ನಮ್ಮಿಬ್ಬರಿಗೂ ಇತ್ತು. ಒಮ್ಮೆ ಪರೀಕ್ಷೆಗೆ ಬನ್ನಿ ಎಂದು ಅಕ್ಕ ಕರೆದಾಗ, "ನನ್ನ ಕಿವಿ ನೆಟ್ಟಗಿದೆ, ನಿನ್ನ ಗಂಟಲು ತೋರಿಸ್ಕೋ" ಎಂದು ಎದ್ದುಹೋಗಿದ್ದರು. ಊರವರ ಕಿವಿಯನ್ನೆಲ್ಲ ನೋಡುವ ಮಗಳ ಲ್ಯಾಬಿಗೆ ಅವರು ಕಾಲಿಟ್ಟವರೇ ಅಲ್ಲ.

೩

ವಾರ್ತೆಯ ಕೆಲಸ ಹೀಗೆ. ಶಬ್ದ ನುಗ್ಗದ ಒಂದು ಪುಟ್ಟ ಕೋಣೆ, ಒಂದು ಕಡೆ ಗಾಜು. ಒಳಗೆ ವಯಸ್ಸಾದವರು ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಗದ್ದಲದ ನಡುವೆ ಸಣ್ಣದೊಂದು 'ಕುಂಯ್' ಕೇಳಿಸಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು, ಅಷ್ಟೇ. ಇದರ ಫಲಿತಾಂಶ ಹಿಡಿದುಕೊಂಡು ಹೋದರೆ ಅವಳ ಊರಿನಲ್ಲಿ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಸಂಶೋಧನೆಗೇ ಕೈಮುಗಿದು ಬೇರೆ ದಾರಿ ನೋಡಬೇಕು. ಆದರೆ ಕೂರಲು ಜನರೇ ಬರಲಿಲ್ಲ. ಅವಳು ಊಟದ ತಟ್ಟೆ ಮುಂದೆ ಸಪ್ಪಗೆ ಕೂತದ್ದು ಅಪ್ಪನಿಗೆ ಸಹಿಸಲಾಗಲಿಲ್ಲ.

"ಯಾಕಮ್ಮ ಚಿಂತೆ? ನಾವೆಲ್ಲ ಯಾಕಿರೋದು?" ಅಂದರು.

ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ಅವರ ಜತೆ ವಾಕಿಂಗ್ ಮಾಡುವ ಪಟಾಲಮ್ಮು ಇಡಿಯಾಗಿ ಲ್ಯಾಬಿನಲ್ಲಿತ್ತು. ಮುಂದಾಳು ನಮ್ಮ ಸೋದರತ್ತೆ. ಮಗಳು ಕರೆದಾಗ ಬಾರದ ಅಪ್ಪ, ಎಲ್ಲಿಂದಲೋ ಬಂದ ಹುಡುಗಿಗಾಗಿ ಕೂದಲು ಬಾಚಿಕೊಂಡು ಹೋಗಿ ಕೂತಿದ್ದರು. ಅಕ್ಕನಿಗೆ ಅಸೂಯೆಯಾಯಿತೇ ಎಂದು ಕೇಳಿದೆ. "ಬರೀಬೇಡ ಅದನ್ನ" ಅಂದಳು.

೪

(ಈ ಭಾಗ ಅಕ್ಕನ ಅಸೂಯೆಯ ಬಗ್ಗೆ ಇತ್ತು. ಹರಿದು ಹಾಕಿದೆ.)

೫

ಎಲ್ಲರ ಸರದಿ ಮುಗಿಯುವವರೆಗೆ ಫಲಿತಾಂಶ ತೆರೆದು ನೋಡಬಾರದೆಂಬುದು ಅವರ ಶಿಸ್ತು. ಮುಗಿಯಿತು. ವಾರ್ತೆ ಕಂಪ್ಯೂಟರ್ ತೆರೆದಳು. ಅತ್ತೆಯ ಕಿವಿ ಕಾಲೇಜು ಹುಡುಗಿಯ ಕಿವಿ! ಅಪ್ಪನದಂತೂ ಬೆಕ್ಕಿನ ಕಿವಿ!

ಆಮೇಲೆ ಇನ್ನೊಂದು ಸಾಲು ನೋಡಿದಳು. ಅವರ ಪರೀಕ್ಷೆಯಲ್ಲಿ ನಡುನಡುವೆ ಖಾಲಿ ಜಾಗಗಳಿರುತ್ತವೆ. ಆ ಹೊತ್ತಿನಲ್ಲಿ 'ಕುಂಯ್' ಬರುವುದೇ ಇಲ್ಲ, ಯಾರೂ ಒತ್ತಬಾರದು. ನಮ್ಮವರು ಒತ್ತಿದ್ದರು. ಎಲ್ಲರೂ, ಎಲ್ಲ ಕಡೆಯೂ.

ನಾನು ಅತ್ತೆಯನ್ನು ವಿಚಾರಿಸಿದೆ. "ಒಂದೂ ಬಿಟ್ಟಿಲ್ಲ ಕಣೋ!" ಅಂದರು ಹೆಮ್ಮೆಯಿಂದ. "ನಿಮ್ಮಪ್ಪ ಮೊದಲೇ ಹೇಳಿದ್ದ. ಪಾಪ, ಮಗು ಅಷ್ಟು ದೂರದಿಂದ ಬಂದಿದೆ, ಕೇಳಿಸ್ಲಿಲ್ಲ ಅಂದು ಬೇಜಾರು ಮಾಡ್ಬೇಡಿ ಅಂತ."

ಓದುಗರೇ, ಇಂಥ ತಪ್ಪನ್ನು ನಮ್ಮವರಲ್ಲದೆ ಇನ್ಯಾರು ಮಾಡುತ್ತಾರೆ? ಅತಿಥಿ ನಿರಾಶಳಾಗಬಾರದೆಂದು ಅವಳ ವಿಜ್ಞಾನಕ್ಕೇ ಕೊಳ್ಳಿಯಿಟ್ಟಿದ್ದರು. ಮತ್ತೆ ಮೊದಲಿನಿಂದ ಮಾಡಬೇಕು, ಅವಳು ಹೊರಡುವ ದಿನ ಹತ್ತಿರದಲ್ಲಿತ್ತು. ಮತ್ತೆ ಕೂರಿಸಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅಪ್ಪ ಇಷ್ಟು ಕಾಲ ಮುಚ್ಚಿಟ್ಟದ್ದನ್ನು ಎಲ್ಲರೆದುರು ಬಯಲಿಗೆಳೆದಂತೆ.

೬

ಇಲ್ಲಿ ನಾನು ಹೀಗೆ ಬರೆದಿದ್ದೆ: 'ವಾರ್ತೆ ಮಹಡಿ ಕೋಣೆಯ ಕಿಟಕಿಗೆ ಹಣೆಯೊತ್ತಿ ಬಿಕ್ಕಿಬಿಕ್ಕಿ ಅತ್ತಳು.'

ಊರಿಗೆ ಹೊರಡುವ ಮುಂಚೆ ಈ ಕರಡು ಓದಿ ವಾರ್ತೆ ತಕರಾರು ತೆಗೆದಳು. "ಈ ವರದಿ ಸತ್ಯಕ್ಕೆ ದೂರವಾದುದು. ನನಗೆ ನಗು ಬಂದಿತ್ತು. ನನ್ನನ್ನು ಇಷ್ಟು ಜನ ಪ್ರೀತಿಸಿ ಹಾಳುಮಾಡಿದ್ದು ಇದೇ ಪ್ರಥಮ."

"ಸ್ವಲ್ಪವಾದರೂ ಅಳು ಮಾರಾಯ್ತಿ, ಕಥೆಗೆ ಬೇಕು."

"ವಿಷಾದಿಸುತ್ತೇನೆ."

ಅಪ್ಪನೂ ಬಂದರು. "ಕಿವುಡ ಅಂತ ಬರೀತೀಯೇನೋ?"

"ಮಂದ ಅಂತ ಬರೀತೀನಪ್ಪ."

"ಹೂಂ, ಹೂಂ" ಅಂದರು. (ಕೇಳಿಸಿರಲಿಲ್ಲ.)

೭

ನಡೆದದ್ದು ನಮ್ಮ ಅಡುಗೆಮನೆಯಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ. ಹೇಗೆ ಹೇಳುವುದೆಂದು ಅಕ್ಕ ನನ್ನ ಮುಖ ನೋಡಿದಳು, ನಾನು ಲೋಟದ ತಳ ನೋಡಿದೆ. ವಾರ್ತೆ ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತಳು. ಬಿಡಿಸಿ ಬಿಡಿಸಿ ಹೇಳಿದಳು:

"ತಮಗೆ ಕೇಳಿಸದಿದ್ದಾಗ ತಾವು ಗುಂಡಿ ಒತ್ತಬಾರದು. ಸುಮ್ಮನೆ ಕುಳಿತರೆ ನನಗೆ ಬಹಳ ಸಹಾಯವಾಗುತ್ತದೆ."

"ಸುಮ್ನೆ ಕೂತ್ರೆ ಅದೆಂಥ ಸಹಾಯ? ಅಷ್ಟು ದೂರದಿಂದ ಬಂದಿದ್ದೀಯ, ಏನಾದ್ರೂ ಕೊಡಬೇಡ್ವೇನಮ್ಮ?"

"ನಾನು ಬಂದಿರುವುದೇ ಅದಕ್ಕೆ. ತಮಗೆ ಕೇಳಿಸದೇ ಇರುವುದಕ್ಕೆ. ಅದನ್ನೇ ನನಗೆ ಕೊಡಿ."

ಅಪ್ಪ ಅವಳನ್ನೇ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿದರು. ಕಿವಿ ಹತ್ತಿರ ಕೈ ಹೋಯಿತು, ಇಳಿಯಿತು.

"ಇದಕ್ಕೂ ಬೆಲೆ ಇದೆಯೇನೇ?" ಎಂದು ಅಕ್ಕನನ್ನು ಕೇಳಿದರು.

"ಇದೆ ಅಪ್ಪ" ಅಂದಳು. ಅಳುವವರು ಬೇಕೇಬೇಕಿತ್ತಲ್ಲ ಕಥೆಗೆ, ಅಕ್ಕ ಅತ್ತಳು.

"ಮೊದಲೇ ಹೇಳೋದಲ್ವಾ ಹಾಗಂತ. ನಾನೇನೋ ನಪಾಸು ಅಂದ್ಕೊಂಡಿದ್ದೆ" ಎಂದು ಎದ್ದು, ಅತ್ತೆಗೆ ಫೋನ್ ಮಾಡಿ ಕಿರುಚಿದರು, "ಏಯ್, ಪಟಾಲಮ್ಮನ್ನ ಹೊರಡಿಸು. ಕೇಳಿಸ್ದೇ ಇದ್ರೆ ಯಾರೂ ಒತ್ತಕೂಡದು!"

೮

ಎರಡನೇ ಸಲ ನಾನೂ ಗಾಜಿನಾಚೆ ನಿಂತಿದ್ದೆ. ಪರದೆಯ ಮೇಲೆ ಒಂದೊಂದೇ 'ಕುಂಯ್' ಹೋಗುತ್ತಿತ್ತು. ಒಳಗೆ ಅಪ್ಪ ಸುಮ್ಮನೆ ಕೂತಿದ್ದರು. ಹೆಬ್ಬೆರಳು ಗುಂಡಿಯ ಮೇಲೆ ಎದ್ದು, ತಡೆದು, ಮತ್ತೆ ಮಲಗುತ್ತಿತ್ತು. ಆಗಾಗ ಗಾಜಿನಾಚೆಯ ವಾರ್ತೆಯನ್ನು ಕಳ್ಳನೋಟದಲ್ಲಿ ನೋಡುತ್ತಿದ್ದರು, ಬೇಜಾರಾದಳೇ ಎಂದು. ಅವಳು ಮುಖ ತುಂಬ ನಗುತ್ತಿದ್ದಳು.

ನನಗೆ ಅಷ್ಟೂ ಹೊತ್ತು ಒಂದೇ ಯೋಚನೆ. ನನ್ನ ಕಥೆಗಳು! ಆ ತಲೆದೂಗುವುದು, ಆ "ಚೆನ್ನಾಗಿದೆ ಕಣೋ"! ಅಪ್ಪ ಇಷ್ಟು ವರ್ಷವೂ ನನಗಾಗಿ ಗುಂಡಿ ಒತ್ತುತ್ತಿದ್ದರು. ಟೀವಿ ಕೇಳಿಸದ ಕಿವಿಗೆ ನನ್ನ ಕಥೆ ಮಾತ್ರ ಕೇಳಿಸುತ್ತದೆಂದು ನಂಬಿದ್ದೆನಲ್ಲ, ನನ್ನ ಜಂಬಕ್ಕೆ ಬೆಂಕಿ ಬೀಳ. ಒಂದು ಕ್ಷಣ ಅವಮಾನವಾಯಿತು. ಮರುಕ್ಷಣ, ಒಂದಕ್ಷರವೂ ಕೇಳಿಸದೆ ಮಗನೆದುರು ಅಷ್ಟಷ್ಟು ಹೊತ್ತು ಕೂತಿದ್ದ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿಬಂತು.

ಅಪ್ಪ ಹೊರಗೆ ಬಂದು ಎದೆಯುಬ್ಬಿಸಿ ಹೇಳಿದರು: "ಸುಮಾರು ಹೊತ್ತು ಏನೇನೂ ಕೇಳಿಸ್ಲಿಲ್ಲಮ್ಮ!"

"ಧನ್ಯವಾದಗಳು" ಅಂದಳು ವಾರ್ತೆ. ವಾರ್ತೆ ಮುಗಿದಾಗ ಹೇಳುವ ಹಾಗೆ.

೯

ಮುಕ್ತಾಯಗಳು ಕೆಲವಿವೆ, ಬೇಕಾದ್ದು ಆರಿಸಿಕೊಳ್ಳಿ.

ಅ) ಅವಳ ಪ್ರಬಂಧ ಪ್ರಕಟವಾಗುತ್ತದೆ, ಕೆಲಸ ಖಾಯಂ ಆಗುತ್ತದೆ.

ಆ) ಆಗುವುದಿಲ್ಲ. ಆದರೂ ಅವಳು ಭಾನುವಾರ ಫೋನ್ ಮಾಡುತ್ತಾಳೆ, ಅಪ್ಪ ಇಡೀ ಬೀದಿಗೆ ಕೇಳುವಂತೆ ಮಾತಾಡುತ್ತಾರೆ.

ಇ) ಅಕ್ಕ ಅಪ್ಪನ ಕಿವಿಗೆ ಯಂತ್ರ ಹಾಕಿಸುತ್ತಾಳೆ, ಅಪ್ಪ ಅದನ್ನು ಕನ್ನಡಕದ ಡಬ್ಬಿಯಲ್ಲಿ ಮರೆತುಬಿಡುತ್ತಾರೆ.

(ಇದರಲ್ಲಿ ಒಂದು ನಿಜ. ಉಳಿದವು ಇನ್ನೂ ಆಗಬಹುದು. ಯಾವುದು ಯಾವುದೆಂದು ಹೇಳಲಾರೆ.)

ಅವಳು ಹೋದ ಮೇಲೆ ಕೋಣೆಯ ಬೆಡ್‌ಶೀಟ್ ತೆಗೆಯಲು ಹೋದೆ. ನಾಲ್ಕು ಮೂಲೆಯೂ ಸೆಳೆದು ಕೂರಿಸಿಟ್ಟಿದ್ದಳು. ಅದನ್ನು ತೆಗೆಯಲು ಮನಸ್ಸು ಬಾರದೆ ಬಾಗಿಲು ಮುಂದೆ ಮಾಡಿ ಬಂದೆ. ಆತಿಥ್ಯ ಮಾಡಿದವರು ನಾವೆಂದು ಯೋಜನೆಯವರು ನಮಗೆ ಥ್ಯಾಂಕ್ಸ್ ಹೇಳಿ ಕಳಿಸಿದ್ದಾರೆ. ಲೆಕ್ಕ ತಿರುಗುಮುರುಗಾಗಿದೆ. ನಮ್ಮ ಅಪ್ಪನನ್ನು ನಮಗೇ ಕೊಟ್ಟುಹೋದವಳು ಅವಳು. ಅವಳು ಎಲ್ಲಿದ್ದರೂ ತಣ್ಣಗಿರಲಿ.

೧೦

ಈ ಕಥೆಯನ್ನು ಇವತ್ತು ಅಪ್ಪನಿಗೆ ಓದಿದೆ. ಅವರು ಕಣ್ಣು ಅರೆಮುಚ್ಚಿದ್ದರು. ತಲೆ ತೂಗಲಿಲ್ಲ. ಮುಗಿಸಿ ಕಾದೆ.

"ಕೇಳಿಸ್ಲಿಲ್ಲ ಕಣೋ" ಅಂದರು.

"ಎಲ್ಲಿಂದ ಕೇಳಿಸ್ಲಿಲ್ಲ ಅಪ್ಪ?"

"ಎಲ್ಲಿಂದ್ಲೂ. ಕುರ್ಚಿ ಹತ್ತಿರ ಹಾಕ್ಕೊ. ಬಿಡಿಸಿ ಬಿಡಿಸಿ ಓದು, ಅವಳ ಹಾಗೆ."

ಕುರ್ಚಿ ಎಳೆದುಕೊಂಡೆ. ಮೊದಲ ಪುಟ ತೆಗೆದೆ. ಅಪ್ಪ ಕಿವಿಗೆ ಅಂಗೈ ಆನಿಸಿ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಹೇಗೆ ಶುರು ಮಾಡಲಿ?" ಎಂದು ಓದಿದೆ.

"ಇನ್ನೂ ಗಟ್ಟಿಯಾಗಿ" ಅಂದರು.