ಭಾನುವಾರದ ಎಂಜಲು

"ಹೆಬ್ಬಟ್ಟು ಒತ್ತಾಕ ನಿನಗ ಯಾವ ಮುಹೂರ್ತ ಬೇಕಲೇ, ಬೋಳಿಮಗನ? ಯೇಸು ಬಂದು ಕೈ ಹಿಡೀಬೇಕೇನು?"

ವಾರ್ಡರ್ ವೀರಭದ್ರಯ್ಯ ಕಾಗದವನ್ನು ಉಚ್ಚಂಗೆಪ್ಪನ ಮೂಗಿನ ಹತ್ತಿರ ಆಡಿಸಿದ. ಉಚ್ಚಂಗೆಪ್ಪ ಸಬ್‌ಜೈಲಿನ ಅಂಗಳದ ಚಪ್ಪಡಿ ತೊಳೆಯುತ್ತಿದ್ದ. ಭಾನುವಾರದ ಪ್ರಾರ್ಥನೆಗೆ ಜನ ಕೂರುವ ಜಾಗ ಅದು. ತೊಳೆಯುವ ಕೆಲಸವನ್ನು ಅವನಿಗೆ ಯಾರೂ ಹಚ್ಚಿರಲಿಲ್ಲ. ಬಂದ ದಿನವೇ ಪೊರಕೆ ಅವನ ಕೈಗೆ ಬಂದಿತ್ತು, ಊರಿನಲ್ಲಿ ಬಂದಿದ್ದ ಹಾಗೆ.

"ಇನ್ನೊಮ್ಮಿ ಓದಿ ಹೇಳ್ರಿ ಅಯ್ನೋರ."

"ಎಷ್ಟು ಸಲ ಓದ್ಲಿ? 'ನಾನು ಮೂರು ವರ್ಷದಿಂದ ಕ್ರೈಸ್ತ ಮತದವನಾಗಿದ್ದು, ಪರಿಶಿಷ್ಟ ಜಾತಿಗೆ ಸೇರಿರುವುದಿಲ್ಲ.' ಅಷ್ಟ. ನೀ ಒತ್ತಿದ್ರ ಗೌಡ್ರು ಮೋಟರ್ ಕೇಸ್ ರಾಜಿ ಮಾಡ್ಕಂತಾರ. ಬುಧವಾರ ಮನ್ಯಾಗಿರ್ತಿ."

"ನಾ ಪ್ರಾರ್ಥನಿಗೆ ಕುಂತು ನಾಕ ತಿಂಗಳಾತ್ರಿ."

"ಅದನ್ನೆಲ್ಲ ನೀನ್ಯಾಕ ಎಣಸ್ತಿ? ಚಪ್ಪಡಿ ತಿಕ್ಕು."

ಗೌಡರೆಂದರೆ ತೆಲಿಗಿಯ ಆಚೆ, ಉಚ್ಚಂಗೆಪ್ಪನದೇ ಹಳ್ಳಿಯ ಬೆನಕಪ್ಪ ಗೌಡ. ಸತ್ತ ಎತ್ತನ್ನು ಹೊರಲು ಆಗುವುದಿಲ್ಲ, ಟ್ರ್ಯಾಕ್ಟರಿನಾಗ ಸಾಗಿಸ್ಕೊಳ್ರಿ ಎಂದದ್ದಕ್ಕೆ ಉಚ್ಚಂಗೆಪ್ಪನನ್ನು ಚಪ್ಪಲಿಯಲ್ಲಿ ಹೊಡೆದಿದ್ದ. ಬಿಡಿಸಲು ಬಂದ ಹೆಂಡತಿ ಹುಲುಗಮ್ಮನನ್ನು ಕೆಡವಿ, ಅವಳ ಬಲಗೈ ಮೇಲೆ ಕಾಲಿಟ್ಟು ನಿಂತಿದ್ದ. ಉಚ್ಚಂಗೆಪ್ಪ ಇಬ್ಬರ ಪರವಾಗಿ ಗೌಡನ ಮೇಲೆ ಜಾತಿ ದೌರ್ಜನ್ಯದ ಕೇಸು ಹಾಕಿದ. ವಾರ ತುಂಬುವುದರೊಳಗೆ ಗೌಡನ ಹೊಲದ ಪಂಪ್‌ಸೆಟ್ಟಿನ ಮೋಟರು ಉಚ್ಚಂಗೆಪ್ಪನ ತಿಪ್ಪೆಯಲ್ಲಿ ಸಿಕ್ಕಿತು. ಪೊಲೀಸರು ಅಗೆಯುವ ಮೊದಲೇ ಅದು ಎಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ಜಾಮೀನು ನಿಲ್ಲಲು ಊರಿನಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಈಗ ಗೌಡನ ವಕೀಲ ಒಂದು ಸಂದು ಹುಡುಕಿದ್ದ: ಹೊಡೆತಕ್ಕೂ ಮೊದಲೇ ಕ್ರಿಶ್ಚನ್ ಆಗಿದ್ದವನು ಹಾಕಿದ ದೌರ್ಜನ್ಯದ ಕೇಸು ನಿಲ್ಲುವುದಿಲ್ಲ.

ಗುರುವಾರ ಹುಲುಗಮ್ಮ ಭೇಟಿಗೆ ಬಂದಿದ್ದಳು. ಸರಳಿನ ಆಚೆ ನಿಂತು ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು.

"ನನ್ನ ಕೈಯಂತೂ ಹೋತು. ರೊಟ್ಟಿ ಬಡಿಯಾಕ ಬರವಲ್ದು. ನೀನರ ಬಾ. ಒತ್ತಿಬಿಡು."

"ನೋಯ್ತೈತೇನು?"

"ನೋಯೂದು ನಿಂತೈತಿ. ಅದಕ್ಕ ಅಂಜಿಕಿ."

ಉಚ್ಚಂಗೆಪ್ಪನಿಗೆ ಅಳು ಬರಲಿಲ್ಲ. ಚಪ್ಪಲಿಯ ಏಟಿಗೆ ಅವನ ಎಡಗಿವಿ ಕೇಳುವುದನ್ನು ಬಿಟ್ಟಿತ್ತು. ಆಮೇಲೆ ಒಳಗಿನದೂ ಒಂದೊಂದಾಗಿ ಹಾಗೆಯೇ ಬಿಟ್ಟಂತಿತ್ತು. ಹಸಿವು, ಸಿಟ್ಟು, ಊರಿನ ನೆನಪು, ಯಾವುದೂ ನೆಟ್ಟಗೆ ಮೈಗೆ ಮುಟ್ಟುತ್ತಿರಲಿಲ್ಲ.

ಹತ್ತು ಗಂಟೆಗೆ ಹಗರಿಬೊಮ್ಮನಹಳ್ಳಿಯಿಂದ ಪಾಸ್ಟರು ಟಿವಿಎಸ್ ಮೇಲೆ ಬಂದರು. ಪ್ರಾರ್ಥನೆಯಲ್ಲಿ ಅವರ ಹೆಸರು ಸಮುವೇಲ. ರೇಷನ್ ಕಾರ್ಡಿನಲ್ಲಿ ಭೀಮರಾಜ. ಅವರೂ ಉಚ್ಚಂಗೆಪ್ಪನ ಜನವೇ. ಕಾಗದದ ವಿಷಯ ಕೇಳಿ ಅವನನ್ನು ಗೋಡೆಯ ಕಡೆ ಕರೆದರು.

"ಒತ್ತಬ್ಯಾಡೋ ತಮ್ಮ. ನನ್ನ ನೋಡು, ಕಾಗದದಾಗ ಭೀಮರಾಜ ಆಗೇ ಅದೀನಿ. ಸಾಲ್ಯಾಗ ನನ್ನ ಮಗಳು ಪ್ರಿಯಾನ ಜಾತಿ ಏನು ಬರೆಸೀನಿ ಗೊತ್ತೈತೇನು? ದೇವರಿಗೆ ಸರ್ಟಿಫಿಕೇಟ್ ಬೇಕಾಗಿಲ್ಲ. ಸರ್ಕಾರಕ್ಕ ಬೇಕು."

"ಹಂಗಾರ ಎಲ್ಲರ ಮುಂದ ನಾ ಕ್ರಿಶ್ಚನ್ ಅಲ್ಲ ಅನ್ಲೇನ್ರಿ?"

ಪಾಸ್ಟರು ಬ್ಯಾಗಿನೊಳಗೆ ಕೈ ಹಾಕಿ ಬನ್ನಿನ ಪೊಟ್ಟಣ ತೆಗೆದರು.

ಎಂಟು ಜನ ವೃತ್ತವಾಗಿ ಕೂತರು. ಉಚ್ಚಂಗೆಪ್ಪ ಪ್ರಾರ್ಥನೆಗೆ ಬರತೊಡಗಿದ್ದು ಹಾಡಿಗಾಗಿ ಅಲ್ಲ, ಬನ್ನಿಗಾಗಿಯೂ ಅಲ್ಲ. ಇಲ್ಲಿ ಕೂತಾಗ ಅಕ್ಕಪಕ್ಕದವರ ಮೊಣಕಾಲು ಅವನಿಗೆ ತಾಗುತ್ತಿತ್ತು. ತಾಗಿದವರು ಎದ್ದು ಹೋಗುತ್ತಿರಲಿಲ್ಲ. ಮೊದಲ ಭಾನುವಾರ ದ್ರಾಕ್ಷಿ ರಸದ ಸ್ಟೀಲ್ ಲೋಟ ಹತ್ತಿರ ಬಂದಾಗ ಅವನು ರೂಢಿಯಂತೆ ಬಾಯಿಯ ಕೆಳಗೆ ಬೊಗಸೆಯೊಡ್ಡಿದ್ದ. ಮೇಲಿಂದ ಹೊಯ್ಯುತ್ತಾರೆಂದು ತಲೆ ಬಗ್ಗಿಸಿ ಕಾದಿದ್ದ. ಎಲ್ಲರೂ ನಕ್ಕಿದ್ದರು. ಪಾಸ್ಟರು ನಗಲಿಲ್ಲ. ಅವನ ಕೈ ಬಿಡಿಸಿ, ಬೆರಳುಗಳನ್ನು ಲೋಟದ ಸುತ್ತ ಕೂರಿಸಿ, "ಬಾಯಿ ಹಚ್ಚಿ ಕುಡಿ. ಇಲ್ಲಿ ಎಲ್ಲಾರದೂ ಒಂದ ಎಂಜಲು" ಅಂದಿದ್ದರು.

ಹಾಗೆಂದು ಎಲ್ಲರೂ ಮೆತ್ತಗಾಗಿದ್ದರು ಅಂತಲ್ಲ. ಬದುವಿನ ಜಗಳದಲ್ಲಿ ತಮ್ಮನ ತಲೆಯೊಡೆದು ಬಂದಿದ್ದ ಪಾಲಾಕ್ಷಪ್ಪ ಯಾವಾಗಲೂ ಪಾಸ್ಟರ ಬಲಕ್ಕೇ ಕೂರುತ್ತಿದ್ದ. ಲೋಟ ಬಲದಿಂದ ಹೊರಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಉಚ್ಚಂಗೆಪ್ಪನಿಗೆ ಎಡದ ಜಾಗ, ಲೋಟ ಕೊನೆಗೆ ಬರುವ ಕಡೆ. ಈ ಕ್ರಮ ಯಾರೂ ಹೇಳಿ ಮಾಡಿಸಿದ್ದಲ್ಲ.

ಎರಡನೆಯ ಹಾಡು ಮುಗಿಯುವ ಹೊತ್ತಿಗೆ ಬೆನಕಪ್ಪ ಗೌಡ ಗೇಟಿನೊಳಗೆ ಬಂದ. ವೀರಭದ್ರಯ್ಯ ತನ್ನ ಕುರ್ಚಿಯನ್ನೇ ತಂದು ಅಂಗಳದಲ್ಲಿ ಹಾಕಿಕೊಟ್ಟ.

"ಒತ್ತಿದನೇನ್ರಿ ಅಯ್ನೋರ?"

"ಈಗ ಒತ್ತತಾನ್ರಿ. ಲೇ ಉಚ್ಚಂಗಿ, ಎಲ್ಲಾರೂ ಸಾಕ್ಷಿಗೆ ಅದಾರ. ಬಾಯಿಬಿಟ್ಟು ಹೇಳು. ನೀ ಕ್ರಿಶ್ಚನ್ ಹೌದಿಲ್ಲೋ?"

ಲೋಟ ಆಗಲೇ ಪಾಲಾಕ್ಷಪ್ಪನನ್ನು ದಾಟಿ ಹೊರಟಿತ್ತು. ಉಚ್ಚಂಗೆಪ್ಪ ಅದು ಕೈಯಿಂದ ಕೈಗೆ ಬರುವುದನ್ನು ನೋಡುತ್ತಾ ಕೂತ.

"ಹೌದನ್ನೋ ಮಾರಾಯ," ಪಾಲಾಕ್ಷಪ್ಪ ಮೀಸೆ ಒರೆಸಿಕೊಳ್ಳುತ್ತಾ ಹೇಳಿದ. "ಬುಧವಾರ ಹೆಂಡ್ತಿ ಹತ್ರ ಹೊಕ್ಕಿ. ನಾವು ಇಲ್ಲೇ ಸಾಯ್ತೀವಿ."

"ಹೊಲಸು ಮುಂಡೇಮಕ್ಕಳಿಗೆ ಇದು ಚಲೋ ಆತು ನೋಡ್ರಿ," ಗೌಡ ಕಾಲ ಮೇಲೆ ಕಾಲು ಹಾಕಿದ. "ಒಂದು ಬನ್ನು ತಿಂದು ಜಾತಿ ಕಳಕಂತಾವ. ಈಗ ನಾವೂ ನೀವೂ ಒಂದ ಅಲ್ಲೇನಲೇ? ಒಂದ ಆದಮ್ಯಾಲ ಜಾತಿ ಕೇಸ್ ಎಲ್ಲಿಂದ ಬಂತು? ಒತ್ತು."

ಲೋಟ ಉಚ್ಚಂಗೆಪ್ಪನ ಕೈಗೆ ಬಂತು. ತಳದಲ್ಲಿ ಎರಡು ಗುಟುಕು ಉಳಿದಿತ್ತು. ಅವನು ಬಾಯಿ ಹಚ್ಚಿ ಒಂದು ಗುಟುಕು ಕುಡಿದ. ಎದ್ದ. ಹಸಿ ಚಪ್ಪಡಿ ದಾಟಿ ಹೋಗಿ ಕುರ್ಚಿಯ ಮುಂದೆ ನಿಂತು, ಲೋಟವನ್ನು ಮುಂದೆ ಚಾಚಿದ.

"ಇನ್ನೊಂದ ಗುಟುಕು ಐತ್ರಿ ಗೌಡ್ರ. ನಾ ಬಾಯಿ ಹಚ್ಚೀನಿ. ನೀವು ಕುಡೀರಿ. ಕುಡದ್ರ ನಾ ಮಾದಿಗ ಅಲ್ಲ. ಇಲ್ಲೇ ಒತ್ತತೀನಿ."

ಗೌಡನ ಕಾಲು ಕೆಳಗಿಳಿಯಿತು. ಲೋಟ ಅವನ ಅಂಗಿಯ ಗುಂಡಿಗೆ ಗೇಣು ದೂರದಲ್ಲಿತ್ತು. ಅವನು ಕುರ್ಚಿಯನ್ನು ಕೂತಲ್ಲಿಂದಲೇ ಹಿಂದಕ್ಕೆ ಜಗ್ಗಿಕೊಂಡ. ಅದರ ಕಾಲು ಕಲ್ಲಿನ ಮೇಲೆ ಕಿರುಗುಟ್ಟಿತು.

"ದೂರ ಸರಿಯಲೇ, ಸೂಳಿಮಗನ. ದೂರ ಸರಿ."

ಉಚ್ಚಂಗೆಪ್ಪ ಒಂದು ಹೆಜ್ಜೆ ಮುಂದಿಟ್ಟ. ಗೌಡ ಎದ್ದೇಬಿಟ್ಟ.

"ಬರಕೊಳ್ರಿ ಅಯ್ನೋರ," ಉಚ್ಚಂಗೆಪ್ಪ ತಿರುಗಿ ನೋಡದೆಯೇ ಹೇಳಿದ. ದನಿಯಲ್ಲಿ ಏರಿಳಿತವಿರಲಿಲ್ಲ. "ಗೌಡ್ರು ಕುಡೀಲಿಲ್ಲ ಅಂತ ಬರಕೊಳ್ರಿ. ಇಷ್ಟೂ ಮಂದಿ ಸಾಕ್ಷಿ ಅದಾರ. ಕೋರ್ಟಿನ್ಯಾಗ ಹೆಬ್ಬಟ್ಟು ನಾ ಅದಕ್ಕ ಒತ್ತತೀನಿ."

ವೀರಭದ್ರಯ್ಯ ಗೋಡೆಗೆ ಒರಗಿಸಿದ್ದ ಲಾಠಿ ತೆಗೆದುಕೊಂಡ. ಪಾಸ್ಟರನ್ನು ಗೇಟಿನಾಚೆ ದಾಟಿಸಿದ. ಕೂತಿದ್ದವರನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಒಳಗೆ ದೂಡಿದ. ಪಾಲಾಕ್ಷಪ್ಪ ತಾನಾಗಿಯೇ ಹೋದ. ಬಾಗಿಲುಗಳಿಗೆ ಚಿಲಕ ಬಿತ್ತು. ಅಂಗಳದಲ್ಲಿ ಮೂವರೇ ಉಳಿದರು. ಉಚ್ಚಂಗೆಪ್ಪ ಚಾಚಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.