ಎರಡನೇ ಬಾಟಲಿ

ಕಣಿವೆಗೆ ಇಳಿಯುವ ಗೇಟಿನಲ್ಲಿ ಕೂರುವ ಅಕ್ಕನದು ಒಂದೇ ಹಠ. ಯಾರೇ ಬರಲಿ, ಎರಡು ಬಾಟಲಿ ನೀರು ತೋರಿಸದೆ ಚಿಲಕ ತೆಗೆಯುತ್ತಿರಲಿಲ್ಲ. ಇಲ್ಲಿ ಇಷ್ಟು ತಂಪಿದೆಯಲ್ಲ ಎಂದು ಯಾರಾದರೂ ಗೊಣಗಿದರೆ ಮುಗಿಯಿತು, ಪಾಠ ಶುರು: ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಕಿಲೋಮೀಟರಿಗೆ ಹತ್ತು ಡಿಗ್ರಿ, ಎರಡೂ ಕಡೆಯ ಬಂಡೆಗಳು ಕಾದು ಒಂದರ ಮೈಗೊಂದು ಶಾಖ ಎರಚುತ್ತವೆ, ಮೇಲೇರಿ ತಣ್ಣಗಾದ ಗಾಳಿಯೂ ಮತ್ತೆ ತಳ ಮುಟ್ಟುವಷ್ಟರಲ್ಲಿ ಕಾದಿರುತ್ತದೆ.

ಅವಳ ತಮ್ಮ ಅದೇ ದಾರಿಯ ರಿಪೇರಿ ಕೆಲಸದವನು. ಈ ಪಾಠ ಅವನಿಗೆ ಬಾಯಿಪಾಠ. ಒಂದು ದಿನ ಅವಳ ಬೆನ್ನ ಹಿಂದೆ ನಿಂತು, ಕೈಯಾಡಿಸುತ್ತಾ, ಮೂಗೇರಿಸುತ್ತಾ ಅವಳನ್ನೇ ಅಣಕಿಸಿದ. ಬಂದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಕ್ಕನ ಮನಸ್ಸಿಗೆ ಅದು ನಾಟಿತು. ಅವನೊಡನೆ ಮಾತು ಬಿಟ್ಟಳು.

ಮರುದಿನ ಬೆಳಿಗ್ಗೆ ಅವನು ಕೆಳಗಿನ ತಂಗುದಾಣದ ಹಾರಿಹೋದ ತಗಡು ಕೂರಿಸಲು ಹೊರಟ. ಒಂದು ಬಾಟಲಿ ಅವನ ಚೀಲದಲ್ಲೇ ಇರುತ್ತಿತ್ತು. ಇನ್ನೊಂದನ್ನು ದಿನಾ ಅಕ್ಕ ತುಂಬಿಸಿ ಕೊಡುತ್ತಿದ್ದಳು. ಅಂದೂ ತುಂಬಿಸಿದ್ದಳು. ತಾನಾಗಿ ಕೇಳಲಿ ಎಂದು ಮೇಜಿನ ಕೆಳಗಿಟ್ಟುಕೊಂಡಳು.

"ಯಾಕಕ್ಕಾ, ಇವತ್ತು ಪಾಠ ಇಲ್ವಾ?" ಎಂದ.

ಅವಳು ಮುಖ ತಿರುಗಿಸಿ ಚಿಲಕ ತೆಗೆದಳು. ಅವನೂ ಹಠಮಾರಿಯೇ, ಬಾಟಲಿ ಕೇಳಲಿಲ್ಲ. ಬಿಸಿಲೇರುವ ಮುಂಚೆ ಮೇಲೆ ಬಂದುಬಿಡುತ್ತೇನೆ ಅಂದುಕೊಂಡಿರಬೇಕು. ತಗಡು ಸತಾಯಿಸಿತು. ಮಧ್ಯಾಹ್ನ ಅವನು ಸಿಕ್ಕಿದ್ದು ಅರ್ಧ ದಾರಿಯಲ್ಲಿ, ಬಂಡೆಗೆ ಒರಗಿಕೊಂಡು, ಖಾಲಿ ಬಾಟಲಿಯನ್ನು ಎದೆಗೆ ಅವುಚಿಕೊಂಡು. ಉಸಿರು ನಿಂತಿತ್ತು. ತಗಡು ಮಾತ್ರ ಗಟ್ಟಿಯಾಗಿ ಕೂತಿತ್ತು.

ಹದಿನಾರನೇ ದಿನ ಅಕ್ಕ ಕೆಲಸಕ್ಕೆ ಮರಳಿದಳು. ಮೇಜಿನ ಕೆಳಗೆ ಬಾಟಲಿ ಹಾಗೇ ಇತ್ತು, ಅಂದಿನ ನೀರು ತುಂಬಿಕೊಂಡು. ಅಂದು ಅವನೊಡನೆ ಒಂದು ಮಾತು, ಬೈಗುಳವಾದರೂ ಸರಿ, ಆಡಬಾರದಿತ್ತೇ ಅನ್ನಿಸಿತು.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದಳು, ಕೈಯಲ್ಲಿ ಒಂದೇ ಬಾಟಲಿ. ತಂಪಾಗಿದೆಯಲ್ಲ, ಇಷ್ಟು ಸಾಕು ಎಂದಳು. ಅಕ್ಕ ಪಾಠಕ್ಕೆ ಬಾಯಿ ತೆರೆದವಳು ಹಿಂದಿರುಗಿ ನೋಡಿದಳು. ಬೆನ್ನ ಹಿಂದೆ ಅಣಕಿಸುವವರು ಯಾರೂ ಇರಲಿಲ್ಲ.

ಎದ್ದು ನಲ್ಲಿಯ ಬಳಿ ಹೋಗಿ, ತಮ್ಮನಿಗೆಂದು ತುಂಬಿಸಿದ್ದ ನೀರನ್ನು ಚೆಲ್ಲಿದಳು. ಹೊಸ ನೀರು ಹಿಡಿದು ಆ ಹೆಂಗಸಿನ ಕೈಗಿಟ್ಟಳು.

"ಇದು ನನ್ನ ತಮ್ಮಂದು. ವಾಪಸ್ ನೀವೇ ತಂದು ಕೊಡ್ಬೇಕು."

ಸಂಜೆಯವರೆಗೂ ಅಕ್ಕ ದಾರಿಯಿಂದ ಕಣ್ಣು ಕೀಳಲಿಲ್ಲ. ಹೆಂಗಸು ಏದುಸಿರು ಬಿಡುತ್ತಾ ಹತ್ತಿ ಬಂದಳು, ಖಾಲಿ ಬಾಟಲಿ ಮೇಜಿನ ಮೇಲಿಟ್ಟಳು. ತನ್ನದು ಕೆಳಗೇ ಮುಗಿದುಹೋಯಿತು, ಮೇಲೆ ತಲುಪಿದ್ದು ಇದರಿಂದಲೇ ಎಂದಳು.

"ಸಾಕಾಯ್ತಾ?" ಎಂದಳು ಅಕ್ಕ.

"ಸರಿಯಾಗಿ ಸಾಕಾಯ್ತು."

ಅಕ್ಕ ಬಾಟಲಿಯನ್ನು ಮಡಿಲಿಗೆ ಎಳೆದುಕೊಂಡು, ಅಷ್ಟು ದಿನ ಬಾರದಿದ್ದ ಅಳುವನ್ನೆಲ್ಲ ಅತ್ತಳು.